ಮರವಾಗಿಹೋದ ಹಲ್ಲುಚಕ್ರ

ಜನವರಿಯ ಬಿಸಿಲು ಏರುವ ಹೊತ್ತಿಗೆ ಸುವಾರೆಸ್ ನದಿಯ ಕಣಿವೆಯ ಆಲೆಮನೆಗಳೆಲ್ಲ ಹೊಗೆ ಬಿಡತೊಡಗಿದ್ದವು. ಮಳೆ ಹಿಂದೆಗೆದು ಬಹಳ ದಿನವಾಗಿತ್ತು. ಕಬ್ಬು ರಸ ತುಂಬಿ ಕಡಿಯಲು ಹದವಾಗಿ ನಿಂತಿತ್ತು. ಜಲ್ಲೆ ಹೇರಿಕೊಂಡ ಹೇಸರಗತ್ತೆಗಳು ಒಂದರ ಹಿಂದೆ ಒಂದರಂತೆ ಗುಡ್ಡದ ಕಾಲುದಾರಿ ಇಳಿಯುತ್ತಿದ್ದವು. ಕೊಪ್ಪರಿಗೆಯಲ್ಲಿ ಕುದಿಯುವ ಪಾಕದ ವಾಸನೆ ಚಿಪಸಕ ಪಟ್ಟಣದ ಪೊಲೀಸ್ ಠಾಣೆಯ ಒಳಗೂ ಬಂದು ಕುಳಿತಿತ್ತು.

ಠಾಣೆಯಲ್ಲಿ ಆ ಗುರುವಾರ, ಜನವರಿ ಹತ್ತೊಂಬತ್ತರಂದು, ಪೇದೆ ನುಬಿಯ ಪಿಂತೊ ಕಳೆದುಹೋದ ಒಂದು ಹೇಸರಗತ್ತೆಯ ಬಣ್ಣವನ್ನು ಬರೆದುಕೊಳ್ಳುತ್ತಿದ್ದಳು. ಇನ್ಸ್‌ಪೆಕ್ಟರ್ ಎಲಿಯೊದೊರೊ ಆರ್ದಿಲ ಜೋಳದ ಅರೆಪ ರೊಟ್ಟಿ ಮುರಿದು ಬಿಸಿ ಬೆಲ್ಲದ ನೀರಿನಲ್ಲಿ ಅದ್ದುತ್ತಿದ್ದ. ಅವನು ಈ ಕಡೆಯವನಲ್ಲ. ಆಲೂಗಡ್ಡೆ ಬೆಳೆಯುವ ತಣ್ಣನೆಯ ಮೇಲ್ನಾಡಿನವನು. ಎರಡು ವರ್ಷ ಕಳೆದರೂ ಕಬ್ಬಿನ ವಿಷಯದಲ್ಲಿ ಏನನ್ನೇ ಕೇಳಬೇಕಾದರೂ ನುಬಿಯಳನ್ನೇ ಕೇಳಬೇಕಿತ್ತು.

ಬೆಳಿಗ್ಗೆ ಹತ್ತು ನಲವತ್ತಕ್ಕೆ ಬೆಲ್ಲದ ಯಂತ್ರಗಳ ಮ್ಯೂಸಿಯಂನ ನಿರ್ದೇಶಕ ಫಾಬಿಯೊ ಉರ್ರೆಗೊ ಒಳಗೆ ಬಂದ. ರಾಜಧಾನಿಯಿಂದ ವರ್ಷದ ಹಿಂದೆ ವರ್ಗವಾಗಿ ಬಂದ ತರುಣ. ಅಂಗಿಯ ಕಾಲರು ಬೆವರಿನಿಂದ ಒದ್ದೆಯಾಗಿತ್ತು.

"ಕಳ್ಳತನ ಆಗಿದೆ."

"ಕೂತ್ಕೊಳ್ಳಿ ಡಾಕ್ಟ್ರೇ. ಏನು ಹೋಗಿದೆ?" ಓದಿದವರನ್ನೆಲ್ಲ ಡಾಕ್ಟರೆಂದೇ ಕರೆಯುವ ಊರು ಅದು.

"ಹಲ್ಲುಚಕ್ರ. ಕಬ್ಬಿನ ಗಾಣದ್ದು. ಎರಕದ ಕಬ್ಬಿಣ, ಇಬ್ಬರು ಸೇರಿ ಎತ್ಬೇಕು."

"ಜಾಗ ಖಾಲಿಯಾಗಿದ್ದು ಯಾವಾಗ ಕಂಡ್ರಿ?"

"ಜಾಗ ಖಾಲಿ ಇಲ್ಲ. ಚಕ್ರ ಅಲ್ಲೇ ಇದೆ."

ಆರ್ದಿಲ ಪೆನ್ನು ಕೆಳಗಿಟ್ಟ. "ಅಲ್ಲೇ ಇದೆ ಅಂದ್ಮೇಲೆ ಕಳ್ಳತನ ಹೆಂಗಾಯ್ತು?"

"ಇದೆ. ಆದರೆ ಮರದ್ದಾಗಿದೆ."

ದೂರು ಕೊಡಲು ಬಂದಿದ್ದ ಹೇಸರಗತ್ತೆಯ ಯಜಮಾನ ಬಾಯಿ ತೆರೆದುಕೊಂಡು ಕುಳಿತ. ನುಬಿಯ ಕೆಮ್ಮಿದಂತೆ ಮಾಡಿ ನಗು ನುಂಗಿದಳು. ಉರ್ರೆಗೊ ಕೆಂಪಾದ. "ನಗೋ ವಿಷಯ ಅಲ್ಲ. ಅದು ರಾಷ್ಟ್ರದ ಪರಂಪರೆಯ ವಸ್ತು. ನಮ್ಮ ಮ್ಯೂಸಿಯಂನ ಒಂದನೇ ನಂಬರು."

ಎಫ್‌ಐಆರ್ ಬರೆಯುವಾಗ ಕಳುವಾದ ವಸ್ತುವಿನ ವಿವರದ ಎದುರು ಆರ್ದಿಲ ಬಹಳ ಹೊತ್ತು ತಡೆದ. ಕೊನೆಗೆ "ಕಬ್ಬಿಣದ ಹಲ್ಲುಚಕ್ರ ಒಂದು, ಅದರ ಜಾಗದಲ್ಲಿ ಮರದ್ದು ಇದೆ" ಎಂದು ಬರೆದ. ಬರೆದದ್ದನ್ನು ಓದಿಕೊಂಡಾಗ ಅವನಿಗೇ ಅರ್ಥವಾಗಲಿಲ್ಲ.

ಮ್ಯೂಸಿಯಂ ಇದ್ದದ್ದು ಮುಚ್ಚಿಹೋದ ಹಳೆಯ ಎರಕದ ಮನೆಯಲ್ಲಿ. ಒಂದು ಕಾಲಕ್ಕೆ ಕಣಿವೆಯ ಗಾಣಗಳೆಲ್ಲ ಅಲ್ಲಿಯೇ ಎರಕ ಹೊಯ್ಯಿಸಿಕೊಂಡು ಹೋದಂಥವು. ಬಾಗಿಲ ಬೀಗ ಮುರಿದಿರಲಿಲ್ಲ, ಕಿಟಕಿಗಳು ಭದ್ರವಾಗಿದ್ದವು. ಮೊದಲ ಕೋಣೆಯ ನಡುವಿನ ಪೀಠದ ಬಳಿ ಶಾಲೆಯ ಮೇಡಂ ಒಬ್ಬರು ಅಳುಮುಖ ಮಾಡಿಕೊಂಡು ನಿಂತಿದ್ದರು. ಮಕ್ಕಳ ಫೋಟೊ ತೆಗೆಯಲೆಂದು ಹಿಂದೆ ಸರಿದಾಗ ಸೊಂಟ ಚಕ್ರಕ್ಕೆ ತಾಗಿತಂತೆ. ಚಕ್ರ ಪೀಠದಿಂದ ಉರುಳಿ ನೆಲಕ್ಕೆ ಬಿದ್ದು 'ಟಕ್' ಎಂದಿತಂತೆ.

"ಕಾಲು ಜಜ್ಜಿಹೋಯ್ತು ಅಂದ್ಕೊಂಡೆ ಸಾಹೇಬ್ರೇ. ಕಣ್ಬಿಟ್ಟು ನೋಡಿದ್ರೆ ಏನೂ ಆಗಿಲ್ಲ. ಒಂದೇ ಕೈಲಿ ಎತ್ತಿ ಮೇಲಿಟ್ಟೆ. ನಾನು ಮುರಿದಿಲ್ಲ, ಮಕ್ಕಳ ಮೇಲಾಣೆ."

"ಮುರಿದ್ರಿ ಅಂತ ಯಾರೂ ಹೇಳ್ತಿಲ್ಲ ಮೇಡಂ."

ಆರ್ದಿಲ ಮರದ ಚಕ್ರದ ಸುತ್ತ ಎರಡು ಸುತ್ತು ಬಂದ. ಕಡುಕಪ್ಪು ಬಣ್ಣ, ಕಬ್ಬಿಣದ್ದೇ ಮಿರುಗು. ನಡುವೆ ತೂತಿರಬೇಕಾದ ಕಡೆ ಮರದ ಬಿಲ್ಲೆ ಇತ್ತು. ಅದಕ್ಕೂ ಕಪ್ಪು ಬಳಿದಿದ್ದರಿಂದ ದೂರಕ್ಕೆ ತೂತಿನಂತೆಯೇ ಕಾಣುತ್ತಿತ್ತು.

"ದಿನಾ ಇದರ ಮುಂದೆ ಓಡಾಡ್ತೀರಿ. ಕಾಣ್ಲಿಲ್ವಾ?" ಎಂದು ಉರ್ರೆಗೊನನ್ನು ಕೇಳಿದ.

"ದಿನಾ ಇರೋದನ್ನ ಯಾರು ನೋಡ್ತಾರೆ?"

ಆಗ ಒಳಕೋಣೆಯಿಂದ ಕ್ಯುರೇಟರ್ ಲಿಯೊನೊರ್ ಗಾಲ್ವಿಸ್ ಬಂದರು. ಅರವತ್ತು ದಾಟಿದ, ಗಿಡ್ಡ ನರೆಗೂದಲಿನ ಹೆಂಗಸು. ಕೈಗೆ ಬಿಳಿ ಹತ್ತಿಯ ಗವುಸು. ಇಂಜಿನಿಯರಿಂಗ್ ಓದಿ, ಕಾರ್ಖಾನೆಯ ಕೆಲಸ ಬೇಡವೆಂದು ಯಂತ್ರಗಳ ಚರಿತ್ರೆಗೆ ಬಿದ್ದವರು. ಯೌವನವನ್ನೆಲ್ಲ ಈ ಕಣಿವೆಯ ಗಾಣ ಗಾಣ ಅಲೆದು ಅಳೆಯುವುದರಲ್ಲಿ ಕಳೆದು, ಮೆಕ್ಸಿಕೊ, ಮ್ಯಾಡ್ರಿಡ್‌ಗಳಲ್ಲಿ ಭಾಷಣ ಮಾಡಿ, ಕೊನೆಗೆ ಈ ಪಾಳು ಎರಕದ ಮನೆಯನ್ನು ಸರ್ಕಾರದಿಂದ ಬಿಡಿಸಿಕೊಂಡು ಮ್ಯೂಸಿಯಂ ಮಾಡಿದ್ದರು. ಜೂನ್‌ನಲ್ಲಿ ನಿವೃತ್ತಿ.

"ಇದು ಎರಕದವರ ಮಾದರಿ," ಎಂದರು. ಪಾಠ ಹೇಳುವ ಧ್ವನಿ, ಆತುರವಿಲ್ಲ. "ಮೊದಲು ಮರದಲ್ಲಿ ಹೀಗೆ ಮಾಡ್ಕೊತಿದ್ರು. ಇದನ್ನ ಮರಳಲ್ಲಿ ಒತ್ತಿ ತೆಗೆದು, ಆ ಗುಳಿಗೆ ಕಬ್ಬಿಣ ಹೊಯ್ಯೋದು. ಇದೂ ನಮ್ಮದೇ ವಸ್ತು, ಉಗ್ರಾಣದಲ್ಲಿತ್ತು. ನೋಡಿ, ನಂಬರು."

ಹಿಂಬದಿಯಲ್ಲಿ ಸಣ್ಣಗೆ 214 ಎಂದಿತ್ತು. ಆರ್ದಿಲ ಉಗುರಿನಿಂದ ಕೆರೆಯಲು ಹೋದ. ಲಿಯೊನೊರ್ ಅವನ ಕೈ ಹಿಡಿದುಬಿಟ್ಟರು.

"ಅಯ್ಯೋ, ಬೇಡ! ಮೊದಲೊಂದು ಪದರ ವಾರ್ನಿಷ್, ಅದರ ಮೇಲೆ ಶಾಯಿ, ಮತ್ತೆ ವಾರ್ನಿಷ್. ನಂಬರು ಹೋದ ವಸ್ತು ಅನಾಥ ಇದ್ದಂಗೆ, ಸಾಹೇಬ್ರೇ."

"ಕಬ್ಬಿಣದ್ದು, ಮರದ್ದು, ಎರಡರಲ್ಲಿ ಬೆಲೆ ಯಾವುದಕ್ಕೆ ಜಾಸ್ತಿ?"

"ಮರದ್ದಕ್ಕೆ. ಕಬ್ಬಿಣದವು ಇನ್ನೂ ಅಲ್ಲಿ ಇಲ್ಲಿ ಸಿಗ್ತವೆ. ಇಂಥದ್ದು ಇದೊಂದೇ."

"ಹಂಗಾದ್ರೆ ಕಳ್ಳ ಬೆಲೆಯಿದ್ದದ್ದನ್ನ ಇಟ್ಟು ಬೆಲೆಯಿಲ್ಲದ್ದನ್ನ ಹೊತ್ಕೊಂಡು ಹೋದ್ನೇ?"

"ಹಾಗೇ ಕಾಣುತ್ತೆ," ಎಂದರು ಲಿಯೊನೊರ್.

ಪಂಚನಾಮೆ ಮುಗಿಸಿ ಹೊರಬಂದಾಗ ಆರ್ದಿಲನ ತಲೆ ಗಿಮ್ಮೆನ್ನುತ್ತಿತ್ತು. ಬೀಗ ಮುರಿದಿಲ್ಲ. ಬೀಗದ ಕೈ ಇದ್ದದ್ದು ನಿರ್ದೇಶಕ, ಕ್ಯುರೇಟರ್, ಕಾವಲುಗಾರ ಮೂವರ ಬಳಿ. ಸೋಮವಾರ ಮ್ಯೂಸಿಯಂಗೆ ರಜೆ, ಅಂದು ಕಾವಲುಗಾರ ಸಂತೆಗೆ ಹೋಗಿದ್ದ. ಕಾವಲುಗಾರನ ಬೀಗದ ಕೈ ಅವನ ಹೆಂಡತಿಯ ಕೊರಳಲ್ಲಿ ಮೇರಿಮಾತೆಯ ಚಿತ್ರದ ತಾಯಿತದ ಜೊತೆ ನೇತಾಡುತ್ತಿತ್ತು. ಗುಜರಿ ಅಂಗಡಿಗಳವರು ಆಣೆ ಹಾಕಿ ಇಲ್ಲವೆಂದರು. ಒಬ್ಬನಂತೂ "ಮರದ ಚಕ್ರ ಬೇಕಾದ್ರೆ ನಾನೂ ಮಾಡಿಸ್ಕೊಡ್ತೀನಿ, ಕೇಸು ಮುಚ್ಚಿಬಿಡಿ" ಎಂದು ಹಲ್ಲು ಕಿರಿದ.

ಸಂಜೆ ನುಬಿಯ ಹೇಳಿದಳು: "ಸರ್, ಒಂದು ಗಮನಿಸಿದ್ರಾ? ಆ ಮರದ್ದರ ಅಡಿಗೆ ಹತ್ತಿಯ ಮೆತ್ತೆ ಇಟ್ಟಿದ್ರು. ಬೆಣೆ ಕೊಟ್ಟಿದ್ರು, ಅದಕ್ಕೂ ಬಟ್ಟೆ ಸುತ್ತಿದ್ರು. ಕಳ್ಳ ಅಷ್ಟು ಮುದ್ದು ಮಾಡ್ತಾನಾ?"

"ಕಬ್ಬಿಣದ ಚಕ್ರ ಯಾರಿಗೆ ಬೇಕಾಗುತ್ತೆ, ಅದನ್ನ ಹೇಳು."

"ಗಾಣ ಮುರಿದವರಿಗೆ."

"ಯಾರದು ಮುರಿದಿದೆ?"

ಅವಳು ಅವನನ್ನು ಜಗಲಿಗೆ ಕರೆದೊಯ್ದು ಕಣಿವೆಯತ್ತ ಕೈತೋರಿದಳು. ಅಲ್ಲಲ್ಲಿ ಹೊಗೆಯ ಕಂಬಗಳು ನೆಟ್ಟಗೆ ನಿಂತಿದ್ದವು. ಆಲೆಮನೆಯ ಒಲೆಗೆ ಸೋಮವಾರ ಬೆಂಕಿ ಬಿದ್ದರೆ ಶನಿವಾರದವರೆಗೆ ಆರುವಂತಿಲ್ಲ. ಒಂದೊಂದು ಗಾಣಕ್ಕೆ ಹತ್ತಾರು ಮನೆಗಳ ಕಬ್ಬು, ಸರದಿಯ ಮೇಲೆ. ಹಾಗಾಗಿ ಕಣಿವೆಯ ಹೆಂಗಸರು ಬೆಳಿಗ್ಗೆ ಎದ್ದ ಕೂಡಲೇ ನೋಡುವುದು ಎದುರು ಗುಡ್ಡದ ಹೊಗೆಯನ್ನು. ಒಂದು ಹೊಗೆಗೊಳವೆ ಆರಿದರೆ ಯಾರದೋ ಮನೆಯಲ್ಲಿ ಏನೋ ಆಗಿದೆ ಎಂದೇ ಲೆಕ್ಕ.

"ನಮ್ಮಮ್ಮ ಹೇಳ್ತಿದ್ಲು. ಎಲ್ ರೆಸ್ಬಲೊನ್ ಆಲೆಮನೇದು ಹೋದ ವಾರದ ನಡುವೆ ಆರಿತ್ತಂತೆ. ಆ ಮನೆ ಮುದುಕಿ ದೊನ್ಯ ಎದುವಿಹೆ ಹೋಗಿಬಿಟ್ಟಳು ಅಂತ ಇಡೀ ಓಣಿ ಜಪಮಾಲೆ ಹಿಡ್ದಿತ್ತು. ಮಂಗಳವಾರ ಮತ್ತೆ ಹೊಗೆ ಬಂತಂತೆ. ಜಪಮಾಲೆ ಒಳಗಿಟ್ರು."

ಶುಕ್ರವಾರ ಬೆಳಿಗ್ಗೆ ಇಬ್ಬರೂ ಜೀಪು ಹತ್ತಿ ಎಲ್ ರೆಸ್ಬಲೊನ್‌ಗೆ ಹೋದರು. ತಗಡಿನ ಮಾಡಿನ ದೊಡ್ಡ ಆಲೆಮನೆ. ಅಂಗಳದ ತುಂಬ ಕಡಿದ ಜಲ್ಲೆಯ ರಾಶಿ. ಕೆಳಗಿನ ಸಾಲುಗಳಲ್ಲಿ ಆಗಲೇ ಹುಳಿವಾಸನೆ ಎದ್ದಿತ್ತು. ಗಾಣದ ಮೂರು ಉರುಳೆಗಳು ಡೀಸೆಲ್ ಎಂಜಿನ್ನಿನ ಪಟ್ಟಿಗೆ ಗರಗರ ತಿರುಗುತ್ತಿದ್ದವು. ಗಾಣಕ್ಕೆ ಜಲ್ಲೆ ಕೊಡುತ್ತಿದ್ದವನು ದೊನ್ಯ ಎದುವಿಹೆಯ ಮಗ ಮಿಸಾಯೆಲ್. ಪೊಲೀಸರನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

"ಗಾಣ ಯಾವಾಗ ಕೆಟ್ಟಿತ್ತು?"

"ಹೋದ ಬುಧವಾರ. ಚಕ್ರದ ಹಲ್ಲು ಮುರೀತು, ನಾಲ್ಕು ಒಟ್ಟಿಗೆ. ದಾಡೆ ಉದುರಿದ ಮುದುಕನ ಹಂಗಾಯ್ತು."

"ಹೊಸಾದು ಎಲ್ಲಿಂದ ತಂದ್ರಿ?"

"ಹೊಸಾದಲ್ಲ. ಹಳೇದು."

"ಯಾರದು?"

"ನಮ್ದು."

"ಎಲ್ಲಿತ್ತು?"

ಮಿಸಾಯೆಲ್ ಗಾಣದತ್ತ ತಿರುಗಿದ. ಇನ್ನೊಂದು ಹೊರೆ ಜಲ್ಲೆ ಬಾಯಿಗೆ ತಳ್ಳಿದ. ಕೊಪ್ಪರಿಗೆಗಳ ಕಡೆಯಿಂದ ಪಾಕ ತಿರುವುವ ಹುಟ್ಟು ಹಿಡಿದವನೊಬ್ಬ ಕೂಗಿದ: "ಸಾಹೇಬ್ರೇ, ಮಾತಾಡ್ಸಿ, ಆದ್ರೆ ಗಾಣ ನಿಲ್ಲಿಸ್ಬೇಡಿ! ಪಾಕ ಸೀದ್ರೆ ನೀವೇ ನೆಕ್ಬೇಕಾಗುತ್ತೆ!" ಎಲ್ಲರೂ ನಕ್ಕರು. ಆರ್ದಿಲನೂ ನಗಬೇಕಾಯಿತು.

ಎಣ್ಣೆ ಹಾಕುವ ಹೊತ್ತಿನವರೆಗೆ ಅವನು ಕಾದ. ಗಾಣ ನಿಂತಾಗ ಬಗ್ಗಿ ನೋಡಿದ. ಚಕ್ರಕ್ಕೆ ಗ್ರೀಸು ಹತ್ತಿತ್ತು, ಕಬ್ಬಿನ ಸಿಪ್ಪೆ ಮೆತ್ತಿತ್ತು. ನುಬಿಯ ಹಳೆ ಬಟ್ಟೆಯಿಂದ ಒರೆಸಿದಳು. ಅಂಚಿನಲ್ಲಿ, ಬೆರಳುಗುರಿನಷ್ಟು ಜಾಗದಲ್ಲಿ, 1 ಎಂದಿತ್ತು.

ಇಷ್ಟಕ್ಕೆ ಪ್ರಕರಣ ಮುಗಿಯಬೇಕಿತ್ತು. ಆರ್ದಿಲನಿಗೆ ಮಾತ್ರ ಇನ್ನಷ್ಟು ಗೊಂದಲವಾಯಿತು. ಕದ್ದ ಹೇಸರಗತ್ತೆಯ ಬರೆ ಗುರುತನ್ನು ಮತ್ತೊಂದು ಬರೆ ಎಳೆದು ಕೆಡಿಸುತ್ತಾರೆ. ಕದ್ದ ಬೈಕಿನ ನಂಬರನ್ನು ಉಜ್ಜುತ್ತಾರೆ. ಇಲ್ಲಿ ನಂಬರಿನ ಮೇಲೆ ಹೊಸದಾಗಿ ವಾರ್ನಿಷ್ ಬಳಿದಿತ್ತು. ಒಂದಲ್ಲ, ದಪ್ಪಗೆ ಎರಡು ಮೂರು ಪದರ. ಗಾಣದ ಗ್ರೀಸಿನಲ್ಲಿ ನಾಲ್ಕು ದಿನ ತಿರುಗಿದರೂ ಆ ಒಂದು ಅಂಕಿ ಕನ್ನಡಿಯೊಳಗೆ ಇಟ್ಟಂತೆ ಹೊಳೆಯುತ್ತಿತ್ತು.

"ಇದನ್ನ ಬಳಿದೋರು ಯಾರು?"

"ನಾನಲ್ಲ," ಎಂದ ಮಿಸಾಯೆಲ್. ಅದು ನಿಜವೆಂದು ಅವನ ಮುಖವೇ ಹೇಳುತ್ತಿತ್ತು. ಅಂಥ ಕೆಲಸ ಯಾಕೆ ಮಾಡಬೇಕು ಎಂಬುದೇ ಅವನಿಗೆ ಗೊತ್ತಿದ್ದಂತಿರಲಿಲ್ಲ.

ಅಚ್ಚಿನ ಹಲಗೆಗಳ ಬಳಿ ಒರಗುಕುರ್ಚಿಯಲ್ಲಿ ದೊನ್ಯ ಎದುವಿಹೆ ಕುಳಿತಿದ್ದರು. ಹಿರಿಯ ಹೆಂಗಸರನ್ನು ಆ ಕಡೆ ದೊನ್ಯ ಎಂದೇ ಕರೆಯುವುದು. ಎಂಬತ್ತು ದಾಟಿದ್ದರೂ ಬೆಲ್ಲದ ಬಣ್ಣ ನೋಡಿ ಹೂಂ, ಊಹೂಂ ಹೇಳುತ್ತಿದ್ದವರು ಅವರೇ.

"ಬಾಪ್ಪ, ಕಬ್ಬಿನ ಹಾಲು ಕುಡಿ. ಮುಖ ಬತ್ತೋಗಿದೆ."

"ದೊನ್ಯ, ಆ ಚಕ್ರ ಮ್ಯೂಸಿಯಂದು."

"ನಮ್ಮೆಜಮಾನ್ರು ಗಾಣ ತಂದ ದಿನಾನೇ ಜೊತೆಗೆ ಹೊಯ್ಯಿಸಿದ್ದು. ಒಂದು ಗಾಣಕ್ಕೆ, ಒಂದು ಎತ್ತಿಡೋದಕ್ಕೆ."

"ಮತ್ತೆ ಮ್ಯೂಸಿಯಂಗೆ ದಾನ ಕೊಟ್ಟಿದ್ದೀರಿ ಅಂತ ಅಲ್ಲಿ ಫಲಕ ಇದೆ."

"ಫಲಕ ನಾನು ಓದಿಲ್ಲ. ನನಗೆ ಓದೋಕೆ ಬರಲ್ಲ." ಮುದುಕಿ ಸೆರಗಿನಂತೆ ಹೊದ್ದ ಶಾಲನ್ನು ಮೊಣಕಾಲಿಗೆ ಎಳೆದುಕೊಂಡರು. "ಮಾತಿನ ಮೇಲೆ ಹೋಯ್ತು, ಮಾತಿನ ಮೇಲೆ ಬಂತು."

"ಯಾರ ಮಾತು?"

"ಅದನ್ನ ನನ್ನ ಬಾಯಿಂದ ಹೊರಡಿಸ್ಬೇಡ."

ಜೀಪಿನಲ್ಲಿ ಹಿಂದಿರುಗುವಾಗ ತಿರುವಿನಲ್ಲಿ ಹೇಸರಗತ್ತೆಗಳಿಗೆ ದಾರಿ ಬಿಡಲು ನಿಂತಾಗ ಆರ್ದಿಲ ಕೇಳಿದ: "ಈಗ ಆ ಚಕ್ರ ಬಿಚ್ಚಿ ತಂದ್ರೆ ಏನಾಗುತ್ತೆ?"

"ಅಂಗಳದಲ್ಲಿರೋದು ಅಷ್ಟೂ ಹುಳಿಯಾಗುತ್ತೆ ಸರ್. ಬೆಲ್ಲ ಕಟ್ಟಲ್ಲ. ಹಂದಿಗೂ ಹಾಕೋಕಾಗಲ್ಲ. ಈ ಸರದಿಯ ಮನೆಗಳು ವರ್ಷವೆಲ್ಲ ತಿನ್ನೋದು ಅದನ್ನೇ."

ಮಧ್ಯಾಹ್ನ ಮೂರಕ್ಕೆ ಅವನು ಲಿಯೊನೊರ್ ಅವರ ಕೋಣೆಗೆ ಹೋದ. ಅವರು ಒಂದು ತುಕ್ಕು ಹಿಡಿದ ಕೀಲಿಗೆ ಕುಂಚದಿಂದ ಎಣ್ಣೆ ಹಚ್ಚುತ್ತಿದ್ದರು.

"ಡಾಕ್ಟ್ರಮ್ಮ, ಕದ್ದ ಮಾಲಿನ ಗುರುತು ಅಳಿಸೋದು ಕಳ್ಳರ ಮೊದಲ ಕೆಲಸ. ಇಲ್ಲಿ ಯಾರೋ ಗುರುತು ಅಳೀಬಾರ್ದು ಅಂತ ವಾರ್ನಿಷ್ ಬಳಿದಿದ್ದಾರೆ. ಅದ್ಯಾಕೆ?"

"ಇಲ್ದಿದ್ರೆ ಗ್ರೀಸು ಒಂದೇ ದಿನಕ್ಕೆ ತಿಂದ್ಹಾಕುತ್ತೆ," ಎಂದರು ಲಿಯೊನೊರ್, ಕೀಲಿಯಿಂದ ಕಣ್ಣೆತ್ತದೆ. ಆಮೇಲೆ ಕುಂಚ ನಿಂತಿತು. ಅದನ್ನು ತೊಳೆದು, ಒರೆಸಿ, ಡಬ್ಬಿಯಲ್ಲಿಟ್ಟು, ಗವುಸು ಕಳಚಿದರು. "ನಾನೇ ಬಳಿದದ್ದು. ವಾಪಸು ಬಂದಾಗ ನಂಬರು ಇರ್ಬೇಕಲ್ಲ."

"ಯಾವಾಗ ತಗೊಂಡು ಹೋದ್ರಿ?"

"ಸೋಮವಾರ. ಮಿಸಾಯೆಲ್‌ನ ಕರೆಸ್ಕೊಂಡೆ. ಅವನಿಗೆ ಅನುಮತಿ ಸಿಕ್ಕಿದೆ ಅಂತ ಹೇಳಿದ್ದೆ. ಅವನ ತಪ್ಪಿಲ್ಲ."

"ಕೇಳಿ ತಗೊಳ್ಬಹುದಿತ್ತು."

"ಕೇಳಿದೆ." ಅವರು ಬಾಗಿಲತ್ತ ನೋಡಿದರು. ಉರ್ರೆಗೊ ಅಲ್ಲಿ ಬಂದು ನಿಂತಿದ್ದ.

"ನಾನು ಆಗಲ್ಲ ಅಂದೆ," ಎಂದ ಅವನು. "ಮ್ಯೂಸಿಯಂ ಸೇರಿದ ಯಂತ್ರ ಮತ್ತೆ ದುಡೀಬಾರದು. ತಿರುಗಿದ್ರೆ ಸವೆಯುತ್ತೆ, ಸವೆದ್ರೆ ಚರಿತ್ರೆ ಹೋಗುತ್ತೆ. ಈ ನಿಯಮ ನನ್ನದಲ್ಲ, ಸಾಹೇಬ್ರೇ. ಇವರೇ ಬರೆದದ್ದು. ಅದಕ್ಕೇ ಇವರ ಮೇಲೆ ಅನುಮಾನ ಬರ್ಲಿಲ್ಲ. ಇವರ ಪುಸ್ತಕ ಓದಿಯೇ ನಾನು ಈ ಕೆಲಸಕ್ಕೆ ಬಂದೆ."

"ಸರಿಯಾಗೇ ಓದಿದ್ದೀಯ ಮಗು," ಎಂದರು ಲಿಯೊನೊರ್.

ಆರ್ದಿಲ ಒಬ್ಬರ ಮುಖದಿಂದ ಒಬ್ಬರ ಮುಖಕ್ಕೆ ಕಣ್ಣು ಹೊರಳಿಸಿದ. ಇಬ್ಬರೂ ಸರಿಯೆನಿಸಿತು. ಎಂಬತ್ತರ ಮುದುಕಿಯೂ ಸರಿಯೇ. ತಪ್ಪು ಯಾವುದೆಂದು ಮಾತ್ರ ಕೈಗೆ ಸಿಗಲಿಲ್ಲ. ಕಾನೂನಿಗೆ ಸಿಗುವಷ್ಟನ್ನು ಹಿಡಿದು, ನಾಲ್ಕು ಹತ್ತಕ್ಕೆ ಲಿಯೊನೊರ್ ಅವರಿಗೆ ಬಂಧನದ ಮಾತು ಹೇಳಿದ. ನುಬಿಯ ಬೇಡಿ ತೆಗೆಯಲಿಲ್ಲ. ಅವನೂ ಕೇಳಲಿಲ್ಲ.

"ಚಕ್ರ?" ಎಂದ ಉರ್ರೆಗೊ. "ಈಗಲೇ ಜಪ್ತಿ ಮಾಡ್ಬೇಕು."

"ಮಾಡ್ತೀನಿ. ಅದು ಇರೋ ಜಾಗದಲ್ಲೇ."

ಸಂಜೆ ಆಲೆಮನೆಯಲ್ಲಿ ಜಪ್ತಿಯ ಪಂಚನಾಮೆ ಆಯಿತು. ಸಾಕ್ಷಿಗೆ ಹುಟ್ಟು ಹಿಡಿದವರಿಬ್ಬರು. ಜಪ್ತಾದ ವಸ್ತುವನ್ನು ನಾಳೆ ಬೆಂಕಿ ಆರುವವರೆಗೆ ದೊನ್ಯ ಎದುವಿಹೆ ಅವರ ವಶಕ್ಕೆ ಒಪ್ಪಿಸಲಾಗಿದೆ ಎಂದು ಆರ್ದಿಲ ಬರೆದ. ವಸ್ತುವಿನ ಸ್ಥಿತಿ ಎಂಬಲ್ಲಿ "ತಿರುಗುತ್ತಿದೆ" ಎಂದು ಸೇರಿಸಿದ. ಮೇಲಿನವರು ಇದನ್ನು ಓದಿ ತನ್ನನ್ನು ಯಾವ ಕಾಡಿಗೆ ಎತ್ತಿ ಹಾಕುತ್ತಾರೋ ಎಂದುಕೊಂಡ. ಮುದುಕಿ ಹೆಬ್ಬೆಟ್ಟು ಒತ್ತಿದರು. ಬೆರಳಿನಲ್ಲಿದ್ದ ಬೆಲ್ಲ ಕಾಗದಕ್ಕೆ ಅಂಟಿತು.

ಆಮೇಲೆ ಅವರೇ ಮಾತು ತೆಗೆದರು. ಲಿಯೊನೊರ್ ಮೊದಲ ಸಲ ಬಂದಾಗ ಬೆನ್ನಿಗೊಂದು ಚೀಲ, ಕಾಲಿಗೆ ಗಂಡಸರ ಬೂಟು. ವಾರವಿಡೀ ಇವರ ಮನೆಯಲ್ಲೇ ಉಂಡು, ಗಾಣ ಅಳೆದಳು. ಹೋಗುವಾಗ ಆ ಎರಡನೇ ಚಕ್ರ ಕೊಡಿ ಎಂದು ಕೇಳಿದಳು. ನಿಮ್ಮದು ಮುರಿದ ದಿನ ನಾನೇ ತಂದುಕೊಡುತ್ತೇನೆ ಎಂದಳು. ಯಜಮಾನರು ತೀರಿಹೋಗಿ ಆಗಿನ್ನೂ ವರ್ಷವಾಗಿರಲಿಲ್ಲ. ಕೊಟ್ಟರು.

"ಮತ್ತೆ ತಂದ್ಕೊಟ್ರಲ್ಲ," ಎಂದ ಆರ್ದಿಲ.

"ಇದು ಎರಡನೇ ಸಲ ಮುರಿದದ್ದು ಕಣಪ್ಪ. ಮೊದಲನೇ ಸಲ ಮುರಿದಾಗಲೂ ಹೇಳಿ ಕಳಿಸಿದ್ದೆ. ನನ್ನ ದೊಡ್ಡ ಮಗನೇ ಹೋಗಿದ್ದ. ನಿಯಮ ಬಿಡಲ್ಲ ಅಂದ್ಳಂತೆ. ಬೇರೆ ಚಕ್ರ ಸಿಗೋ ಹೊತ್ತಿಗೆ ಕಬ್ಬು ಹಳಸಿತು. ಆ ವರ್ಷವೇ ಅವನು ತೈಲದ ಬಾವಿಗಳ ಕಡೆ ದುಡಿಯೋಕೆ ಹೋದ. ಅಲ್ಲೇ ಮಣ್ಣಾದ." ಅವರು ಹೊಸ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು ಚಪ್ಪರಿಸಿದರು. "ಪಾಕ ಇನ್ನೂ ಒಂಚೂರು ಏರ್ಬೇಕಿತ್ತು," ಎಂದು ಹುಟ್ಟಿನವನಿಗೆ ಹೇಳಿದರು.

ಶನಿವಾರ ಮಧ್ಯಾಹ್ನ ಎಲ್ ರೆಸ್ಬಲೊನಿನ ಹೊಗೆ ತೆಳುವಾಗಿ ನಿಂತಿತು. ಮಿಸಾಯೆಲ್ ಮತ್ತು ಇನ್ನೊಬ್ಬ ಚಕ್ರವನ್ನು ಪಿಕಪ್ಪಿನಿಂದ ಇಳಿಸಿ ಠಾಣೆಯ ಜಗಲಿಗೆ ತಂದಿಟ್ಟರು. ಹಿಂದೆಯೇ ದೊನ್ಯ ಎದುವಿಹೆ ಕೋಲೂರಿಕೊಂಡು ಬಂದರು. ಉರ್ರೆಗೊ ಮೊಣಕಾಲೂರಿ ಕುಳಿತು ನಂಬರು ಹುಡುಕಿದ. ಸಿಕ್ಕಾಗ ನಿಟ್ಟುಸಿರುಬಿಟ್ಟ.

"ಮಾಲೀಕರು ಯಾರು ಅಂತ ಬರೀಲಿ ದೊನ್ಯ?" ಎಂದು ಆರ್ದಿಲ ಕೇಳಿದ.

"ಮ್ಯೂಸಿಯಂನವರ ಹತ್ರಾನೇ ಇರ್ಲಿ. ನಮ್ದು ಅಂತ ಬರಿ."

"ಹಾಗೆ ಬರೆಯೋಕಾಗಲ್ಲ," ಎಂದ ಉರ್ರೆಗೊ. ಆರ್ದಿಲ ಆ ಜಾಗವನ್ನು ಖಾಲಿ ಬಿಟ್ಟು ಮುಂದಕ್ಕೆ ಹೋದ. ಅಪರಾಧದ ಕಾರಣ ಎಂಬಲ್ಲಿ, ಲಾಭದ ಆಸೆಯಿಲ್ಲ, ಆರೋಪಿಯು ಹಿಂದೊಮ್ಮೆ ನಡೆಸಿಕೊಡದೆ ಹೋದ ಮಾತನ್ನು ಈ ಸಲ ನಡೆಸಿಕೊಟ್ಟಿರುತ್ತಾರೆ ಎಂದು ಬರೆದ.

ಜಿಲ್ಲಾ ಸರ್ಕಾರಿ ವಕೀಲರ ಜೀಪು ಬಂದು ಬಾಗಿಲಲ್ಲಿ ನಿಂತಿತ್ತು. ನುಬಿಯ ಲಿಯೊನೊರ್ ಅವರನ್ನು ಒಳಗಿನಿಂದ ಕರೆತಂದಳು. ಗವುಸಿಲ್ಲದ ಅವರ ಕೈಗಳು ಬಿಳಿಚಿಕೊಂಡಂತೆ ಕಂಡವು. ಮುದುಕಿಯ ಮುಂದೆ ಅವರು ನಿಂತರು.

"ಬೆಲ್ಲ ಹೇಗೆ ಬಂತು ದೊನ್ಯ?"

"ಹೊಂಬಣ್ಣ ಬಂತು. ಕಡೇ ಕೊಪ್ಪರಿಗೆ ಮಾತ್ರ ಕಪ್ಪಾಯ್ತು."

"ಅಷ್ಟೂ ಅರೆದು ಮುಗೀತಾ?"

"ಒಂದು ಜಲ್ಲೆ ಉಳೀಲಿಲ್ಲ."

ಲಿಯೊನೊರ್ ಏನೋ ಹೇಳಲು ಬಾಯಿ ತೆರೆದರು. ಎದುವಿಹೆ ಕೋಲಿನ ಮೇಲಿನ ಕೈ ಎತ್ತಿ ತಡೆದರು.

"ಈ ಸಲದ್ದು ತೀರಿತು ಲಿಯೊನೊರ್. ಆ ಸಲದ್ದು ಹಂಗೇ ಇದೆ."

"ಗೊತ್ತು," ಎಂದು ಲಿಯೊನೊರ್ ಜೀಪು ಹತ್ತಿದರು.